ಹೊಂಗೆ ಎಣ್ಣೆಯ ಬಯೋಡೀಸೆಲ್: ಮಣಿ ಕಿಣ್ವವೋ, ದ್ರವ ಕಿಣ್ವವೋ?

ಮಲೆನಾಡಿನ ಮಳೆಗಾಲದಲ್ಲಿ ಚೀಲದಲ್ಲೇ ಉಳಿದ ಹೊಂಗೆ ಬೀಜ ತೇವ ಹೀರಿ ಬೂಸ್ಟು ಹಿಡಿಯುತ್ತದೆ. ಅದನ್ನು ಗಾಣಕ್ಕೆ ಹಾಕಿದರೆ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಏರಿರುತ್ತದೆ. ಅಂಥ ಎಣ್ಣೆಗೆ ನೇರವಾಗಿ ಕಾಸ್ಟಿಕ್ ಸೋಡಾ ಹಾಕಿದರೆ ಡೀಸೆಲ್ ಬದಲು ಸೋಪೇ ಜಾಸ್ತಿ. ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ ಎಸ್ಟರ್, ಅಂದರೆ ಬಯೋಡೀಸೆಲ್, ಮಾಡುವ ಲೈಪೇಸ್ ಕಿಣ್ವವಾದರೋ ಈ ಆಮ್ಲವನ್ನೂ ಎಸ್ಟರ್ ಮಾಡುತ್ತದೆ. ಯಾವ ಕಿಣ್ವ ಬಳಸುವುದಾದರೂ ಮೊದಲು ಆಮ್ಲ ಎಷ್ಟಿದೆ ಎಂದು ಅಳೆಯಿರಿ: 1 ಗ್ರಾಂ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಬಣ್ಣ ಬದಲಿಸುವ ಸೂಚಕ ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ, 0.1 ನಾರ್ಮಲ್ ಕಾಸ್ಟಿಕ್ ಪೊಟ್ಯಾಷ್ ದ್ರಾವಣ ಬಿಡುತ್ತಾ ಹೋಗಿ. ಗುಲಾಬಿ ಬಣ್ಣ ನಿಲ್ಲುವವರೆಗೆ ಖರ್ಚಾದ ಮಿಲಿ ಲೀಟರನ್ನು 2.8ರಿಂದ ಗುಣಿಸಿದರೆ ಶೇಕಡಾವಾರು ಆಮ್ಲ ಸಿಗುತ್ತದೆ.

ಮಣಿ ಕಿಣ್ವ ಎಂದರೆ ರಾಳದ ಮಣಿಗೆ ಅಂಟಿಸಿದ ಕ್ಯಾಂಡಿಡಾ ಅಂಟಾರ್ಕ್ಟಿಕಾ ಎಂಬ ಯೀಸ್ಟಿನ ಲೈಪೇಸ್. ಕೆಜಿ ಎಣ್ಣೆಗೆ 40 ಗ್ರಾಂ ಮಣಿ, 40 ಡಿಗ್ರಿ ಬಿಸಿ. ಮೆಥನಾಲ್ ಸುಮಾರು 140 ಮಿಲಿ ಬೇಕು, ಆದರೆ ಒಂದೇ ಸಲಕ್ಕೆ ಸುರಿಯಬೇಡಿ. ಎಣ್ಣೆಯಲ್ಲಿ ಕರಗದೆ ಉಳಿದ ಮೆಥನಾಲ್ ಕಿಣ್ವವನ್ನು ಕೆಡಿಸುತ್ತದೆ. ಮೂರು ಪಾಲು ಮಾಡಿ, ಹಿಂದಿನ ಪಾಲು ಕರಗಿ ಮುಗಿದ ಮೇಲೆ ಮುಂದಿನದನ್ನು ಕೊಡಿ. ಎಣ್ಣೆಯ ಗೋಂದು ತೆಗೆಯದಿದ್ದರೂ ಮಣಿ ಸೋಲುತ್ತದೆ. 65 ಡಿಗ್ರಿಗೆ ಕಾಯಿಸಿ, ಶೇ. 3ರಷ್ಟು ಬಿಸಿನೀರು ಬೆರೆಸಿ ಅರ್ಧ ಗಂಟೆ ಕಲಕಿ, ರಾತ್ರಿಯಿಡೀ ಇಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಮಣಿಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ ಕ್ರಿಯೆಯಲ್ಲಿ ಹುಟ್ಟುವ ಗ್ಲಿಸರಿನ್ ಸುತ್ತಿಕೊಂಡಿದೆ ಎಂದರ್ಥ. ಟರ್ಷರಿ ಬ್ಯೂಟನಾಲ್ ಎಂಬ ಆಲ್ಕೋಹಾಲಿನಲ್ಲಿ ತೊಳೆದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಜೋರಾಗಿ ತಿರುಗುವ ಬ್ಲೇಡು ಮಣಿಯನ್ನೇ ಪುಡಿ ಮಾಡುತ್ತದೆ.

ಮಣಿಗೆ ಅಂಟಿಸದ ದ್ರವ ಕಿಣ್ವದ ಸ್ವಭಾವ ಇದಕ್ಕೆ ತಿರುಗುಮುರುಗು. ಅದಕ್ಕೆ ನೀರು ಬೇಕು, ಕೆಜಿಗೆ 20ರಿಂದ 30 ಗ್ರಾಂ. ಎಣ್ಣೆ ಮತ್ತು ನೀರು ಸೇರುವ ಅಂಚಿನಲ್ಲೇ ಅದು ದುಡಿಯುವುದರಿಂದ ಮಜ್ಜಿಗೆ ಕಡೆದಂತೆ ಜೋರಾಗಿ ಕಲಕಬೇಕು. ಮೆಥನಾಲ್ ಕೆಜಿಗೆ 200 ಮಿಲಿ, ಹಲವು ಗಂಟೆಗಳಲ್ಲಿ ಹನಿಹನಿಯಾಗಿ. ಒಟ್ಟು ಒಂದು ದಿನದ ಕೆಲಸ. ಮಳೆಗಾಲದ ರಾತ್ರಿ ಪಾತ್ರೆ ತಣ್ಣಗಾದರೆ ಕ್ರಿಯೆ ನಿಧಾನವಾಗುತ್ತದೆ, ಆದ್ದರಿಂದ ಥರ್ಮೋಸ್ಟಾಟ್ ಇರುವ ನೀರಿನ ತೊಟ್ಟಿಯಲ್ಲಿ 40 ಡಿಗ್ರಿಯಲ್ಲೇ ಇಡಿ. ಮೆಥನಾಲ್ ಆವಿ ವಿಷ, ಬೇಗ ಬೆಂಕಿಯೂ ಹಿಡಿಯುತ್ತದೆ. ಹತ್ತಿರದಲ್ಲಿ ಒಲೆ ಇರಲೇಬಾರದು.

ದ್ರವದ ಕೊರತೆ ಒಂದೇ: ನೀರು ಇರುವುದರಿಂದ ಕೊನೆಗೂ ಸ್ವಲ್ಪ ಆಮ್ಲ ಉಳಿಯುತ್ತದೆ. ಶೇ. 2 ಉಳಿದಿದ್ದರೆ ಕೆಜಿಗೆ 2.8 ಗ್ರಾಂ ಕಾಸ್ಟಿಕ್ ಸೋಡಾ ನೀರಿನಲ್ಲಿ ಕರಗಿಸಿ ತೊಳೆಯಿರಿ. ಆಗಲೂ ಸೋಪು ಬರುತ್ತದೆ, ಆದರೆ ಬಿಸಿನೀರಿನಲ್ಲಿ ಹೋಗುವಷ್ಟೇ.

ಎರಡನ್ನೂ ಮಾಡಿ ನೋಡಿದ ಮೇಲೆ ನಮ್ಮ ಒಲವು ದ್ರವದ ಕಡೆಗೇ. ಇಲ್ಲಿನ ಗಾಣದ ಎಣ್ಣೆಯ ತೇವ, ಆಮ್ಲ ಎರಡನ್ನೂ ಅದು ತಡೆದುಕೊಳ್ಳುತ್ತದೆ. ಶುದ್ಧ ಎಣ್ಣೆ ಸದಾ ಸಿಗುವವರಿಗೆ, ಅದೇ ಮಣಿಯನ್ನು ಮತ್ತೆಮತ್ತೆ ಬಳಸುವವರಿಗೆ ಮಾತ್ರ ಮಣಿ ಲಾಭ.

ಯಾವುದೇ ಆಗಲಿ, ಮುಗಿಯಿತೆನ್ನುವ ಮೊದಲು 3 ಮಿಲಿ ಬಯೋಡೀಸೆಲನ್ನು 27 ಮಿಲಿ ಮೆಥನಾಲಿಗೆ ಹಾಕಿ ಕುಲುಕಿ. ತಳದಲ್ಲಿ ಎಣ್ಣೆ ಹನಿ ಕೂತರೆ ಇನ್ನೂ ಆಗಿಲ್ಲ. ಆಮ್ಲ ಮೆಥನಾಲಿನಲ್ಲಿ ಕರಗಿಬಿಡುವುದರಿಂದ ಈ ಪರೀಕ್ಷೆಗೆ ಸಿಗುವುದಿಲ್ಲ. ಅದನ್ನು ಬೇರೆಯಾಗಿಯೇ ಅಳೆಯಬೇಕು.