ಗಂಟಿನ ತುಂಡನ್ನು ಪೂರ್ತಿ ಫಾರ್ಮಾಲಿನ್‌ಗೆ ಹಾಕೋಕೆ ಬಿಡಬೇಡಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ಟಿಬಿ ಅನುಮಾನದ ಮೇಲೆ ಬಯಾಪ್ಸಿ, ಅಂದರೆ ತುಂಡು ತೆಗೆದು ಪರೀಕ್ಷೆ, ಮಾಡಬೇಕು ಅಂದಿದ್ದಾರಾ? ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ನಮಗೆ ಯಾರಾದರೂ ಮೊದಲೇ ಹೇಳಿದ್ದರೆ ನನ್ನ ತಂಗಿಗೆ ಎರಡನೇ ಆಪರೇಷನ್ ಬೇಕಾಗುತ್ತಿರಲಿಲ್ಲ.

ತಂಗಿಯ ಕತ್ತಿನ ಬಲಗಡೆ ನೆಲ್ಲಿಕಾಯಿಯಷ್ಟು ಗಂಟು ಎದ್ದಿತ್ತು. ಕೆಮ್ಮಿಲ್ಲ, ಕಫವಿಲ್ಲ, ಎದೆಯ ಎಕ್ಸ್‌ರೇ ಚೆನ್ನಾಗೇ ಇತ್ತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಅಷ್ಟೇ. ಅಜ್ಜಿ ಮುಟ್ಟಿ ನೋಡಿ "ಗಂಡಮಾಲೆ ಕಣೋ ಇದು" ಅಂದರು. ಕತ್ತಿನ ಗಂಟಿಗೆ ಬರುವ ಟಿಬಿಗೆ ಹಳಬರು ಹೇಳುತ್ತಿದ್ದ ಹೆಸರು ಅದು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲು ಒಂದು ಲ್ಯಾಬ್‌ನವರು ರಕ್ತದಲ್ಲೇ ಟಿಬಿ ಗೊತ್ತಾಗುತ್ತೆ ಅಂತ ಐಜಿಜಿ, ಐಜಿಎಂ ಅನ್ನೋ ಪ್ರತಿಕಾಯಗಳ ಟೆಸ್ಟ್ ಮಾಡಿ ದುಡ್ಡು ತಗೊಂಡರು. ಟಿಬಿ ಪತ್ತೆಗೆ ಬಳಸುವ ಆ ಕಿಟ್‌ಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಇದನ್ನು ಬರೆದುಕೊಟ್ಟರೆ ಮಾಡಿಸಬೇಡಿ.

ಆಮೇಲೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಂಟು ತೆಗೆದರು. ಸಿಸ್ಟರ್ ಬಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟು, "ಲ್ಯಾಬ್‌ಗೆ ಕೊಟ್ಟು ಬನ್ನಿ ಸರ್" ಅಂದರು. ತಿಳಿಯಾದ ನೀರಿನಂಥ ದ್ರವ, ಅದರ ತಳದಲ್ಲಿ ಹಳದಿ ಮಿಶ್ರಿತ ಬಿಳಿ ತುಂಡು. ಮುಚ್ಚಳದ ಅಂಚಿನಿಂದ ಕಣ್ಣು ಉರಿಸುವ ವಾಸನೆ. ನಾನೂ ಸುಮ್ನೆ ತಗೊಂಡು ಹೋಗಿ ಕೊಟ್ಟೆ. ಅದು ಫಾರ್ಮಾಲಿನ್.

ವಾರದ ಮೇಲೆ ರಿಪೋರ್ಟ್ ಬಂತು. ಗ್ರಾನುಲೋಮಾ (ಟಿಬಿಯಲ್ಲಿ ಸಾಮಾನ್ಯವಾಗಿ ಕಾಣುವ ಜೀವಕೋಶಗಳ ಗುಂಪು) ಇದೆ, ಟಿಬಿ ಇರಬಹುದು, ಸಿಬಿನ್ಯಾಟ್ (ಟಿಬಿ ಕ್ರಿಮಿಯ ಡಿಎನ್ಎ ಹುಡುಕುವ ಟೆಸ್ಟ್) ಮತ್ತು ಕಲ್ಚರ್ (ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಟೆಸ್ಟ್) ಮಾಡಿಸಿ ಅಂತಿತ್ತು. ಕೇಳೋಕೆ ಹೋದರೆ ಲ್ಯಾಬ್‌ನವರು, "ಪೂರ್ತಿ ಫಾರ್ಮಾಲಿನ್‌ಗೆ ಹಾಕಿಬಿಟ್ಟಿದ್ದಾರಲ್ಲ, ಇನ್ನು ಕಲ್ಚರ್ ಆಗಲ್ಲ" ಅಂದರು.

ವಿಷಯ ಇಷ್ಟೇ. ಫಾರ್ಮಾಲಿನ್ ತುಂಡನ್ನು ಕೆಡದಂತೆ ಇಡುತ್ತೆ, ಜೊತೆಗೆ ಅದರಲ್ಲಿರುವ ಟಿಬಿ ಕ್ರಿಮಿಯನ್ನೂ ಕೊಲ್ಲುತ್ತೆ. ಸತ್ತ ಕ್ರಿಮಿ ಕಲ್ಚರ್‌ನಲ್ಲಿ ಬೆಳೆಯಲ್ಲ. ಸಿಬಿನ್ಯಾಟ್ ಹುಡುಕುವ ಡಿಎನ್ಎ ಕೂಡ ಫಾರ್ಮಾಲಿನ್‌ನಲ್ಲಿ ಹಾಳಾಗುತ್ತೆ. ಶ್ವಾಸಕೋಶದ ಹೊರಗಿನ ಟಿಬಿಯಲ್ಲಿ ಕ್ರಿಮಿಗಳೇ ಕಡಿಮೆ. ಮೈಕ್ರೋಸ್ಕೋಪ್‌ನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್‌ಗೆ 5,000ದಿಂದ 10,000 ಕ್ರಿಮಿಗಳಾದರೂ ಇರಬೇಕು, ಗಂಟಿನಲ್ಲಿ ಅಷ್ಟು ಸಿಗೋದು ಅಪರೂಪ. ಹಾಗಾಗಿ ಈ ಎರಡು ಟೆಸ್ಟ್ ಇಲ್ಲಿ ಇನ್ನೂ ಮುಖ್ಯ. ಸಿಬಿನ್ಯಾಟ್ ಸುಮಾರು ಎರಡು ಗಂಟೆಯಲ್ಲಿ ಕ್ರಿಮಿ ಇದೆಯಾ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಅದಕ್ಕೆ ನಾಟುತ್ತಾ ಅಂತ ಎರಡೂ ಹೇಳುತ್ತೆ. ಕಲ್ಚರ್‌ಗೆ ಆರು ವಾರದವರೆಗೂ ಕಾಯಬೇಕು, ಆದರೆ ಬೇರೆ ಔಷಧಿಗಳು ನಾಟುತ್ತವಾ ಅನ್ನೋದೂ ಅದರಿಂದ ಗೊತ್ತಾಗುತ್ತೆ.

ನಮಗೆ ಇದು ಯಾವುದೂ ಸಿಗಲಿಲ್ಲ. ಅಂದಾಜಿನ ಮೇಲೆ ಮಾತ್ರೆ ಶುರುವಾಯಿತು. ಎರಡು ತಿಂಗಳಿಗೆ ಅದೇ ಜಾಗದ ಪಕ್ಕ ಇನ್ನೊಂದು ಗಂಟು ಊದಿತು. ಗಂಟಿನ ಟಿಬಿಯಲ್ಲಿ ಔಷಧಿ ಕೆಲಸ ಮಾಡುತ್ತಿರುವಾಗಲೂ ಹೀಗೆ ಊದೋದುಂಟು. ಔಷಧಿಗೆ ಬಗ್ಗದ ಟಿಬಿ ಆದರೂ ಊದುತ್ತೆ. ಯಾವುದು ಅಂತ ಹೇಳೋಕೆ ಡಾಕ್ಟರ್ ಹತ್ತಿರ ಏನೂ ಇರಲಿಲ್ಲ. ಆ ದಿನಗಳಲ್ಲಿ ಅಮ್ಮ ರಾತ್ರಿ ಎದ್ದು ಕೂತು ತಂಗಿಯ ಕತ್ತು ಮುಟ್ಟಿ ನೋಡುತ್ತಿದ್ದರು.

ಮತ್ತೆ ಕೊಯ್ದರು. ಈ ಸಲ ಬೇರೆ ಡಾಕ್ಟರ್. ಅವರು ನಮ್ಮನ್ನು ಕರೆದು ಎರಡು ಡಬ್ಬಿ ತೋರಿಸಿದರು. ಒಂದರಲ್ಲಿ ಫಾರ್ಮಾಲಿನ್, ಇನ್ನೊಂದರಲ್ಲಿ ಡ್ರಿಪ್‌ಗೆ ಹಾಕುವ ನಾರ್ಮಲ್ ಸಲೈನ್. ಸಿಬಿನ್ಯಾಟ್‌ನಲ್ಲಿ ಕ್ರಿಮಿ ಸಿಕ್ಕಿತು, ರಿಫಾಂಪಿಸಿನ್‌ಗೆ ಬಗ್ಗದ ಲಕ್ಷಣ ಇರಲಿಲ್ಲ. ಔಷಧಿ ಶುರುವಾಗಿ ಎರಡು ತಿಂಗಳಾಗಿದ್ದರಿಂದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಅದೇ ಮಾತ್ರೆ ಮುಂದುವರಿಸಿದರು, ಈಗ ಗಂಟು ಇಳಿದಿದೆ.

ಆದ್ದರಿಂದ ಆಪರೇಷನ್‌ಗೆ ಮೊದಲೇ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ: "ಅರ್ಧ ತುಂಡು ಸಲೈನ್‌ನಲ್ಲಿ, ಸ್ಟೆರೈಲ್ ಡಬ್ಬಿಯಲ್ಲಿ ಕೊಡ್ತೀರಾ? ಸಿಬಿನ್ಯಾಟ್, ಕಲ್ಚರ್‌ಗೆ ಕಳಿಸಬೇಕು." ಸೂಜಿ ಹಾಕಿ ಕೀವು ತೆಗೆದರೂ ಇದೇ ಮಾತು. ಡಬ್ಬಿಯನ್ನು ಅವತ್ತೇ ಲ್ಯಾಬ್‌ಗೆ ಮುಟ್ಟಿಸಿ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ಸರ್ಕಾರಿ ಟಿಬಿ ಕೇಂದ್ರದಲ್ಲಿ ಸಿಬಿನ್ಯಾಟ್ ಅಥವಾ ಅದೇ ಥರದ ಟ್ರೂನ್ಯಾಟ್ ಟೆಸ್ಟ್ ಉಚಿತ. ಆದರೆ ಸಿಬಿನ್ಯಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅಂತ ಮನೆಗೆ ಬರಬೇಡಿ, ಕಲ್ಚರ್ ರಿಪೋರ್ಟ್ ಬಂದ ಮೇಲೆ ಇನ್ನೊಮ್ಮೆ ಡಾಕ್ಟರ್‌ಗೆ ತೋರಿಸಿ.