ಪ್ಲೈವುಡ್ ಬಿಲ್ ಯಾರ ಹೆಸರಿನಲ್ಲಿದೆ? ತೆರಿಗೆ ಸಲಹೆಯ ಮೂರು ದಾರಿಗಳು, ನಮ್ಮ ಅನುಭವದಲ್ಲಿ

ನಮ್ಮ ಮನೆಯಿಂದ ಪ್ರತಿ ವರ್ಷ ಎರಡು ಆದಾಯ ತೆರಿಗೆ ರಿಟರ್ನ್‌ಗಳು ಹೋಗುತ್ತವೆ. ನನ್ನದು ಸಂಬಳದ ಆದಾಯ. ನನ್ನ ಪತ್ನಿ ಜಯನಗರದ ಸುತ್ತಮುತ್ತ ಮನೆಗಳ ಒಳಾಂಗಣ ವಿನ್ಯಾಸ ಮಾಡಿಕೊಡುತ್ತಾರೆ. 2022-23ರಿಂದ 2024-25ರವರೆಗಿನ ಮೂರು ಆರ್ಥಿಕ ವರ್ಷಗಳಿಗೆ ನಾವು ಕ್ರಮವಾಗಿ ಇಲಾಖೆಯ ಪೋರ್ಟಲ್‌ನಲ್ಲಿ ಸ್ವತಃ, ಒಂದು ಆನ್‌ಲೈನ್ ಸೇವೆಯ ಮೂಲಕ ಮತ್ತು ಬಸವನಗುಡಿಯ ಒಬ್ಬ ಆಡಿಟರ್ ಬಳಿ ರಿಟರ್ನ್ ಸಲ್ಲಿಸಿದ್ದೇವೆ. ಇಲ್ಲಿ ಬರುವ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ.

2022-23ರ ರಿಟರ್ನ್‌ಗಳನ್ನು ನಾನೇ ತುಂಬಿದೆ. ಕಂಪನಿ ಕೊಡುವ ಸಂಬಳ-ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16 ಕೈಯಲ್ಲಿದ್ದು, ಇಲಾಖೆಯ ಬಳಿ ಇರುವ ನಮ್ಮ ಆದಾಯ-ವಹಿವಾಟುಗಳ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುವ ಠೇವಣಿ ಬಡ್ಡಿಯನ್ನು ತಾಳೆ ನೋಡುವ ತಾಳ್ಮೆ ಇದ್ದರೆ, ಸಂಬಳದವರಿಗೆ ಒಂದು ಭಾನುವಾರದ ಬೆಳಗ್ಗೆ ಸಾಕು. ಸಲ್ಲಿಸಿದ ಮೇಲೆ 30 ದಿನಗಳೊಳಗೆ ಇ-ದೃಢೀಕರಣ ಮಾಡುವುದನ್ನು ಮಾತ್ರ ಮರೆಯಬಾರದು. ಪತ್ನಿಯ ಖಾತೆಗೆ ಆ ವರ್ಷ ಬಂದಿದ್ದ 11 ಲಕ್ಷ ರೂಪಾಯಿಯನ್ನೂ ಕೆಲವು ವೃತ್ತಿಗಳವರು ಸ್ವೀಕೃತಿಯ ಅರ್ಧವನ್ನೇ ಆದಾಯವೆಂದು ತೋರಿಸಬಹುದಾದ ಸೆಕ್ಷನ್ 44ಎಡಿಎ ಪ್ರಕಾರ ಒಟ್ಟು ಸ್ವೀಕೃತಿ ಎಂದು ತೋರಿಸಿ, ಅರ್ಧವನ್ನು ಆದಾಯವೆಂದು ಐಟಿಆರ್-4 ನಮೂನೆಯಲ್ಲಿ ಘೋಷಿಸಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಲ್‌ಐಸಿ, ಪಿಪಿಎಫ್ ಕಳೆದಾಗ ಆದಾಯ 5 ಲಕ್ಷದೊಳಗೆ ಇಳಿದು ತೆರಿಗೆ ಶೂನ್ಯವಾಯಿತು, ಮೊದಲೇ ಕಡಿತವಾಗಿದ್ದ ತೆರಿಗೆ (ಟಿಡಿಎಸ್) ವಾಪಸ್ ಬಂತು. ಬಿಟ್ಟಿಯಾಗಿ ಮುಗಿದ ಕೆಲಸವೆಂದು ಬೀಗಿದೆ. ಒಳಗೆ ತಪ್ಪಿದೆ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

2023-24ರಲ್ಲಿ ನಾನು ಮ್ಯೂಚುವಲ್ ಫಂಡ್‌ಗಳನ್ನು ಮಾರಿದ್ದರಿಂದ ಆನ್‌ಲೈನ್ ಸೇವೆಯತ್ತ ಹೊರಳಿದೆವು. ಆ ಮಟ್ಟಿಗೆ ಅದು ಸೊಗಸಾಗಿ ಕೆಲಸ ಮಾಡಿತು: ಅರವತ್ತಕ್ಕೂ ಹೆಚ್ಚು ವಹಿವಾಟುಗಳನ್ನು ತಾನೇ ಎಳೆದುಕೊಂಡು ಬಂಡವಾಳ ಲಾಭವನ್ನು ಲೆಕ್ಕ ಹಾಕಿತು, ಹಳೆ ಮತ್ತು ಹೊಸ ಪದ್ಧತಿಗಳ ತೆರಿಗೆಯನ್ನು ಎದುರುಬದುರು ಇಟ್ಟು ತೋರಿಸಿತು. ಪತ್ನಿಯ ವಿಷಯಕ್ಕೆ ಬಂದಾಗ ‘ತಜ್ಞ’ರೊಬ್ಬರು ಕರೆ ಮಾಡಿ, ಖಾತೆಗೆ ವರ್ಷದಲ್ಲಿ ಒಟ್ಟು ಎಷ್ಟು ಜಮೆಯಾಗಿದೆ ಎಂದು ಕೇಳಿದರು. 17 ಲಕ್ಷ ಎಂದೆವು. ಅದರ ಅರ್ಧ ಎಂಟೂವರೆ ಲಕ್ಷ, ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 41,600 ರೂಪಾಯಿ. ಕರೆ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಅವರು ತಪ್ಪು ಹೇಳಲಿಲ್ಲ, ಕೇಳಿದ್ದಕ್ಕೆ ನಾವೂ ತಪ್ಪು ಉತ್ತರ ಕೊಡಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ ಇತ್ತು.

ಆ ಪ್ರಶ್ನೆಯನ್ನು 2025ರ ಜುಲೈನಲ್ಲಿ ಆಡಿಟರ್ ಕೇಳಿದರು. ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆಗಳ ಇಲಾಖೆ ನಗರದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದ, ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿದ್ದ ದಿನಗಳವು. ನಾವು ಹೋದದ್ದೂ ಆ ಭಯಕ್ಕೇ. ಕೆಂಪು ಲಾಡಿ ಕಟ್ಟಿದ ಕಡತಗಳ ನಡುವೆ ಕುಳಿತಿದ್ದ ಅವರು ಬ್ಯಾಂಕ್ ವಿವರಗಳ ಮೇಲೆ ಪೆನ್ಸಿಲ್ ಓಡಿಸುತ್ತಾ, “ಏನಮ್ಮಾ, ಎಸ್‌ಜೆಪಿ ರೋಡಿನ ಅಂಗಡಿಗಳಿಗೆ ಇಷ್ಟು ದುಡ್ಡು ಹೋಗಿದೆಯಲ್ಲ, ಈ ಪ್ಲೈವುಡ್ಡು, ಹಾರ್ಡ್‌ವೇರ್ ಬಿಲ್ಲೆಲ್ಲ ಯಾರ ಹೆಸರಿನಲ್ಲಿದೆ?” ಎಂದರು.

ಬಿಲ್‌ಗಳನ್ನು ಹರಡಿ ನೋಡಿದಾಗ, 2024-25ರಲ್ಲಿ ಜಮೆಯಾದ 19 ಲಕ್ಷದಲ್ಲಿ 7.4 ಲಕ್ಷದ ಸಾಮಗ್ರಿಯ ಬಿಲ್‌ಗಳು ಗ್ರಾಹಕರ ಹೆಸರಿನಲ್ಲೇ ಇದ್ದವು. ಅದು ಗ್ರಾಹಕರ ಪರವಾಗಿ ಖರ್ಚು ಮಾಡಿ, ಒಂದು ರೂಪಾಯಿಯನ್ನೂ ಸೇರಿಸದೆ ಅವರಿಂದ ವಸೂಲು ಮಾಡಿದ ಹಣ, ವೃತ್ತಿಯ ಸ್ವೀಕೃತಿಯಲ್ಲ ಎಂಬುದು ಆಡಿಟರ್ ನಿಲುವು. ಪತ್ನಿಯ ಹೆಸರಿನ ಬಿಲ್‌ಗಳಿಗೆ ಆ ವಿನಾಯಿತಿ ಇಲ್ಲವೆಂದು ಅವರು ಖಡಾಖಂಡಿತವಾಗಿ ಹೇಳಿದರು. ಉಳಿದ 11.6 ಲಕ್ಷದ ಅರ್ಧ 5.8 ಲಕ್ಷವಾಗಿ, ಹೊಸ ಪದ್ಧತಿಯಲ್ಲಿ ಆ ವರ್ಷ ಇದ್ದ 7 ಲಕ್ಷದೊಳಗಿನ ರಿಯಾಯಿತಿಯಿಂದ ತೆರಿಗೆ ಶೂನ್ಯವಾಯಿತು; ಹಿಂದಿನ ಲೆಕ್ಕದಲ್ಲಾಗಿದ್ದರೆ 46,800 ರೂಪಾಯಿ ಕಟ್ಟಬೇಕಿತ್ತು. ಸೇವೆಗಳ ಜಿಎಸ್‌ಟಿ ನೋಂದಣಿಯ ಮಿತಿಯಾದ 20 ಲಕ್ಷಕ್ಕೆ ಒಂದೇ ಲಕ್ಷ ಬಾಕಿ ಎಂದು ನಿದ್ದೆಗೆಟ್ಟಿದ್ದ ನಮಗೆ ಅಲ್ಲಿಯೂ ಉಸಿರಾಡಲು ಜಾಗ ಸಿಕ್ಕಿತು. ಹಿಂದಿನ ವರ್ಷದ 41,600 ಮಾತ್ರ ಹೋದದ್ದು ಹೋದಂತೆಯೇ: ಪರಿಷ್ಕೃತ ರಿಟರ್ನ್‌ನ ಗಡುವು 2025ರ ಜನವರಿ 15ಕ್ಕೆ ಮುಗಿದಿತ್ತು, ಆಮೇಲೆ ಸಲ್ಲಿಸಬಹುದಾದ ಐಟಿಆರ್-ಯು ಎಂಬ ನವೀಕೃತ ರಿಟರ್ನ್ ತೆರಿಗೆ ಇಳಿಸಿಕೊಳ್ಳಲು ಬರುವುದಿಲ್ಲ.

ಎದ್ದು ಹೊರಡುವಾಗ, “ವೃತ್ತಿ ತೆರಿಗೆ ಕಟ್ಟುತ್ತಿದ್ದೀರಾ?” ಎಂದು ಇನ್ನೊಂದು ಪ್ರಶ್ನೆ ಬಂತು. ನನ್ನ ಸಂಬಳದಲ್ಲಿ ಅದು ತಾನಾಗಿಯೇ ಕಡಿತವಾಗುತ್ತದೆ. ಸ್ವಂತ ವೃತ್ತಿಯವರು ರಾಜ್ಯಕ್ಕೆ ವರ್ಷಕ್ಕೆ 2,500 ರೂಪಾಯಿಯನ್ನು ತಾವೇ ಕಟ್ಟಬೇಕೆಂಬುದು ಕೇಂದ್ರದ ಪೋರ್ಟಲ್‌ನಲ್ಲಿ ಎಲ್ಲಿಯೂ ಎದುರಾಗುವುದಿಲ್ಲ, ಆನ್‌ಲೈನ್ ತಜ್ಞರೂ ಅದರ ಸೊಲ್ಲೆತ್ತಿರಲಿಲ್ಲ.

ಹಾಗೆಂದು ಆಡಿಟರ್ ದಾರಿ ಸಲೀಸಲ್ಲ. ಜಿಎಸ್‌ಟಿ ಸೇರಿ ಶುಲ್ಕ 7,080 ರೂಪಾಯಿ, ಆನ್‌ಲೈನ್ ಸೇವೆಗೆ ತೆತ್ತದ್ದರ ಹೆಚ್ಚುಕಡಿಮೆ ಮೂರು ಪಟ್ಟು. ಜುಲೈನಲ್ಲಿ ಕೊಟ್ಟ ಕಾಗದಗಳು ಸೆಪ್ಟೆಂಬರ್‌ವರೆಗೆ ಅವರ ಮೇಜಿನ ಮೇಲೆಯೇ ಇದ್ದವು, ಆ ತಿಂಗಳು ಫೋನಿಗೂ ಸಿಗಲಿಲ್ಲ, ಗಡುವಿನ ಹಿಂದಿನ ದಿನ ರಿಟರ್ನ್ ಹೋಯಿತು. ಪೋರ್ಟಲ್‌ನ ಪಾಸ್‌ವರ್ಡ್ ಬರೆದುಕೊಡಿ ಎಂದು ಅವರ ಸಹಾಯಕ ಕೇಳಿದಾಗ ನಾನು ಒಪ್ಪದೆ, ನಮ್ಮ ಫೋನಿನಿಂದಲೇ ಒಟಿಪಿ ಕೊಟ್ಟೆ.

ಈ ವರ್ಷ ನನ್ನ ರಿಟರ್ನ್ ಮತ್ತೆ ನನ್ನ ಕೈಯಲ್ಲೇ. ಫಂಡ್ ಮಾರಿದರೆ ಆನ್‌ಲೈನ್ ಸೇವೆ. ಪತ್ನಿಯದು ಆಡಿಟರ್ ಬಳಿಗೆ, ಆದರೆ ಜೂನ್ ಮೊದಲ ವಾರದಲ್ಲೇ. ಈಗ ಪತ್ನಿ ಗ್ರಾಹಕರನ್ನೇ ಎಸ್‌ಜೆಪಿ ರೋಡಿಗೆ ಕರೆದುಕೊಂಡು ಹೋಗಿ, ಬಿಲ್ಲನ್ನು ಗ್ರಾಹಕರ ಹೆಸರಿಗೆ ಮಾಡಿಸಿ, ಹಣವನ್ನು ನೇರವಾಗಿ ಅಂಗಡಿಗೆ ಕೊಡಿಸುತ್ತಾರೆ.