ಉಪ್ಪಾಗೆ ಸತ್ವದ ಸಂಶೋಧನೆ: ಖಾಸಗಿ ಲ್ಯಾಬೋ, ಸರ್ಕಾರಿ ಸಂಸ್ಥೆಯೋ?

ಶಿರಸಿ ಕಡೆ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆ ಒಣಗಿಸಿ ಮಾರುವವರು ಅದರ ಹುಳಿಯಿಂದ, ಅಂದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ, ಹೊಸ ಉತ್ಪನ್ನಕ್ಕೆ ಹೊರಟರೆ ಸಂಶೋಧನೆಯನ್ನು ಯಾರಿಗೆ ಗುತ್ತಿಗೆ ಕೊಡಬೇಕು?

ಆಮ್ಲ ಎಷ್ಟಿದೆ ಎಂಬುದಷ್ಟೇ ಬೇಕಿದ್ದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಖಾಸಗಿ ಲ್ಯಾಬ್ ಸಾಕು. ನಿಮಗೆ ಬೇಕಾದ ಪರೀಕ್ಷೆಯೇ ಅವರ ಮಾನ್ಯತೆಯ ಪಟ್ಟಿಯಲ್ಲಿದೆಯೇ, ನೋಡಿಕೊಳ್ಳಿ. ಬಿಸಿ ಮಾಡಿ ಸಾಂದ್ರಗೊಳಿಸುವಾಗ ಈ ಆಮ್ಲದ ಒಂದು ಪಾಲು ಲ್ಯಾಕ್ಟೋನ್ ಎಂಬ ಬೇರೆ ರೂಪಕ್ಕೆ ತಿರುಗಿಬಿಡುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಅಳೆದುಕೊಡಲು ಹೇಳಿ. ಕಟ್ಟಿಗೆ ಹೊಗೆಯಲ್ಲಿ ಒಣಗಿದ ಸಿಪ್ಪೆ, ಡ್ರೈಯರ್ ಸಿಪ್ಪೆ ಬೆರೆಸಿ ಕಳಿಸಿದರೆ ವರದಿ ಯಾವುದರದ್ದೂ ಅಲ್ಲ.

ಸತ್ವ ತೆಗೆಯುವ ವಿಧಾನವೇ ಬೇಕೆಂದರೆ ನನ್ನ ಒಲವು ಮೈಸೂರಿನ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆ. 1950ರಿಂದ ಅವರದು ಆಹಾರದ್ದೇ ಕೆಲಸ, ಪ್ರಾಯೋಜಿತ ಸಂಶೋಧನೆಯನ್ನೂ ಒಪ್ಪಿಕೊಳ್ಳುತ್ತಾರೆ. ಸರ್ಕಾರಿ ಕಡತದ ನಡಿಗೆ ಮಾತ್ರ ನಿಧಾನ (ಮಳೆಗಾಲದ ಹಣ್ಣು ಅದಕ್ಕೆ ಕಾಯುವುದಿಲ್ಲ). ಖಾಸಗಿಯವರು ಬೇಗ ಮುಗಿಸಿಯಾರು. ಆದರೆ ಹಕ್ಕು ಯಾರದ್ದೆಂದು ಕರಾರಿನಲ್ಲಿ ಬರೆಸದಿದ್ದರೆ ಅದೇ ವಿಧಾನ ನಾಳೆ ಇನ್ನೊಬ್ಬರಿಗೂ ಹೋದೀತು. ಸರ್ಕಾರಿ ಸಂಸ್ಥೆಯಲ್ಲೂ ಹಕ್ಕು ತನ್ನಿಂತಾನೇ ನಿಮ್ಮದಾಗುತ್ತದೆಂದು ನಂಬಬೇಡಿ.

ನಿಮ್ಮ ಜೊತೆಗೆ ವಿದೇಶಿ ಕಂಪನಿ ಇದ್ದರೆ, 2002ರ ಜೀವವೈವಿಧ್ಯ ಕಾಯ್ದೆಯಂತೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಮೊದಲೇ ಬೇಕು.